ಕವಡೆ ಕಾಯ್ದ ಲೆಕ್ಕ

ಪುಣೆಯಿಂದ ಅಹಿಲ್ಯಾನಗರಕ್ಕೆ, ಎಂದರೆ ಹಿರಿಯರ ಬಾಯಲ್ಲಿ ಇಂದಿಗೂ ಅಹಮದ್‌ನಗರವಾಗಿಯೇ ಉಳಿದಿರುವ ಊರಿಗೆ ಹೋಗುವ ಹೆದ್ದಾರಿಯಲ್ಲಿ, ರಾಂಜಣಗಾವಿನ ಗಣಪತಿಯ ಕ್ಷೇತ್ರವನ್ನು ದಾಟಿದ ತರುವಾಯ ಘೋಡ್ ನದಿಯ ದಡದಲ್ಲಿ ಸಿಕ್ಕುವ ಪೇಟೆಯೇ ಶಿರೂರು. ಇಂಥ ಊರಿನಲ್ಲಿ ಧಾರವಾಡದ ಕಸೂತಿಯನ್ನು ಅರಸಿಕೊಂಡು ಹೋಗುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಮ್ಮ ಇಳಕಲ್ಲಿನ ಸೀರೆಯನ್ನು ‘ಇರಕಲ್’ ಎಂದು ಕರೆದು ಒಂಬತ್ತು ಗಜದ ಕಚ್ಚೆ ಹಾಕಿ ಉಟ್ಟ, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟ ಮುತ್ತೈದೆಯರನ್ನು ತಲೆಮಾರುಗಳಿಂದ ಕಂಡಿರುವ ಸೀಮೆಯಿದು. ಗಡಿಯ ಗೆರೆ ಬಟ್ಟೆಗೆ ಎಂದೂ ಅಡ್ಡಬಂದುದಿಲ್ಲ.

ನಾನು ಹೋದದ್ದು ಒಬ್ಬ ಅಜ್ಜಿಯನ್ನು ಕಾಣಲು. ರಾಂಜಣಗಾವಿನ ಕೈಗಾರಿಕಾ ವಸಾಹತಿನಲ್ಲಿ ಉದ್ಯೋಗಿಯಾದ ಮಗನೊಡನೆ ಧಾರವಾಡದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಆಕೆ, ಕಸೂತಿಯ ತೇರನ್ನು ಉಣ್ಣೆಯ ಸ್ವೆಟರಿನ ಮೇಲೆ ಹೆಣೆಯುತ್ತಾರೆಂದು ಬಂಧುಗಳೊಬ್ಬರು ಹೇಳಿದ್ದರು. ಹೋಗಿ ನೋಡಿದಾಗ ತೇರಿಗಿಂತ ಮೊದಲು ನನ್ನ ಕಣ್ಣನ್ನು ಸೆಳೆದದ್ದು ಅವರ ಮಗ್ಗುಲಲ್ಲಿದ್ದ ಅಳಗುಳಿಮಣೆ. ಆಡಲು ಜೊತೆಗಾರರಿಲ್ಲ, ಹದಿನಾಲ್ಕು ಗುಳಿಗಳಲ್ಲಿ ಹದಿಮೂರು ಬರಿದು, ಒಂದರಲ್ಲಿ ಮಾತ್ರ ಒಂಟಿ ಕವಡೆ.

ಸ್ವೆಟರಿನ ಎರಡು ಅಂಚುಗಳಲ್ಲಿ ಜಡೆಯಂತೆ ಹೊಸೆದ ಪಟ್ಟಿಯೊಂದು ಮೇಲೇರುತ್ತಿತ್ತು. ಮೂರು ಕುಣಿಕೆಗಳನ್ನು ಪುಟ್ಟ ಸೂಜಿಯೊಂದಕ್ಕೆ ಇಳಿಸಿ ಮುಂದೆ ತೂಗಬಿಟ್ಟು, ಮುಂದಿನ ಮೂರನ್ನು ಹೆಣೆದು, ಅನಂತರ ತೂಗಬಿಟ್ಟವನ್ನು ಹೆಣೆದರೆ ಎಳೆ ಎಡಕ್ಕೆ ವಾಲುತ್ತದೆ. ಹಿಂದೆ ಬಿಟ್ಟರೆ ಬಲಕ್ಕೆ. ಅಜ್ಜಿಯ ವಿನ್ಯಾಸದಲ್ಲಿ ಈ ದಾಟು ಎಲ್ಲ ಸಾಲುಗಳಲ್ಲಿಯೂ ಬರುವುದಿಲ್ಲ, ಹದಿನಾಲ್ಕು ಸಾಲಿಗೊಮ್ಮೆ ಸುತ್ತು ಮುಗಿದು ಮತ್ತೆ ಮೊದಲಾಗುತ್ತದೆ. ಆದುದರಿಂದ ಈಗ ಎಷ್ಟನೆಯ ಸಾಲು ನಡೆಯುತ್ತಿದೆಯೆಂಬುದನ್ನು ಮರೆತವರಿಗೆ ಜಡೆ ಒಂದೆಡೆ ಬಿಗಿದು ಮತ್ತೊಂದೆಡೆ ಸಡಿಲಗೊಂಡು ಹೆಣಿಗೆಯೇ ಅವರನ್ನು ಅಣಕಿಸುತ್ತದೆ. ಅಜ್ಜಿ ಕಂಡುಕೊಂಡ ಉಪಾಯ ಇಷ್ಟು: ತಮ್ಮತ್ತ ಇರುವ ಏಳು ಗುಳಿಗಳು ಸೀದಾ ಸಾಲುಗಳಿಗೆ, ಆಚೆಯ ಏಳು ಉಲ್ಟಾ ಸಾಲುಗಳಿಗೆ. ಒಂದು ಸಾಲು ಮುಗಿದೊಡನೆ ಕವಡೆ ಎದುರಿನ ಗುಳಿಗೆ ದಾಟುತ್ತದೆ. ಅದೂ ಮುಗಿದರೆ ಈಚೆಗೆ ಬಂದು ಮುಂದಿನ ಗುಳಿಯಲ್ಲಿ ಕೂರುತ್ತದೆ. ಒಲೆಯ ಮೇಲೆ ಹಾಲುಕ್ಕಲಿ, ಬಾಗಿಲಲ್ಲಿ ಅಂಚೆಯವನು ಕೂಗಲಿ, ಎದ್ದು ಹೋಗಿ ಬಂದು ಕುಳಿತವರಿಗೆ ಎಷ್ಟನೆಯ ಸಾಲು, ಯಾವ ಮಗ್ಗುಲು ಎಂಬ ಎರಡು ಪ್ರಶ್ನೆಗಳಿಗೂ ಆ ಒಂದೇ ಕವಡೆ ಉತ್ತರ ಹೇಳುತ್ತದೆ. ಅಂಗಡಿಯಲ್ಲಿ ಸಿಕ್ಕುವ, ಸೂಜಿಯ ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ಕಿನ ಎಣಿಕೆಯಂತ್ರ ಸಾಲನ್ನು ಹೇಳೀತೇ ಹೊರತು ಮಗ್ಗುಲನ್ನು ಎತ್ತಿ ಹೇಳದು. “ನಡುವ ಮಾತಾಡಸಬ್ಯಾಡ ತಮ್ಮಾ, ಈ ಸಾಲೊಂದು ಮುಗೀಲಿ, ಆಮ್ಯಾಲೆ ಏನ್ ಕೇಳ್ತಿ ಕೇಳು” ಎಂದು ಅವರು ನನ್ನನ್ನೂ ಸಾಲಿನ ಕೊನೆಯವರೆಗೆ ಕಾಯಿಸಿದರು.

ಇಂಥ ಶಿಸ್ತು ಅವರಿಗೆ ಕಸೂತಿಯಿಂದ ಬಂದುದು. ಚಾಲುಕ್ಯರ ಕಾಲದಿಂದ ನಡೆದುಬಂದ ಕಲೆಯೆಂದು ಪರಿಚಯಪತ್ರಗಳು ಸಾರುತ್ತವೆ. ಅಜ್ಜಿಯ ಇತಿಹಾಸವಾದರೋ ತಾಯಿಯ ಮದುವೆಯ ಚಂದ್ರಕಾಳಿ ಸೀರೆಗಿಂತ ಹಿಂದೆ ಸರಿಯದು, ನನಗೂ ಅಷ್ಟು ಸಾಕಾಗಿತ್ತು. ಗವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಗಳಲ್ಲಿ ಗೋಪುರ, ತೇರು, ಅಂಬಾರಿಯ ಆನೆ, ತುಳಸಿಕಟ್ಟೆ, ತೊಟ್ಟಿಲುಗಳೆಲ್ಲವೂ ಮೂಡಬೇಕು. ಬಟ್ಟೆಯ ಮೇಲೆ ಮುಂಚಿತವಾಗಿ ಬರೆದ ಚಿತ್ರವಿಲ್ಲ, ಎಳೆಗಳನ್ನು ಎಣಿಸುವುದೊಂದೇ ದಾರಿ. ಗವಂತಿಯಲ್ಲಿ ಸೂಜಿ ಒಂದೆಳೆ ಬಿಟ್ಟು ಒಂದೆಳೆ ಹಿಡಿದು ಹೋಗಿ, ಬಿಟ್ಟ ಎಡೆಗಳನ್ನೆಲ್ಲ ತುಂಬುತ್ತ ಅದೇ ಜಾಡಿನಲ್ಲಿ ಹೊರಟಲ್ಲಿಗೆ ಹಿಂದಿರುಗುತ್ತದೆ. ಗಂಟು ಹಾಕುವಂತಿಲ್ಲ, ಬಟ್ಟೆಯ ಎರಡು ಮೈಗಳೂ ಒಂದೇ ತೆರನಾಗಿ ಕಾಣಬೇಕು. ಹೋಗುವಾಗ ಒಂದೆಳೆ ತಪ್ಪಿದ್ದರೆ ಬರುವಾಗ ಗೆರೆ ಕೂಡಿಕೊಳ್ಳದು. ಹ್ಯಾನ್ಸ್ ಹೋಲ್ಬೀನ್ (1497–1543) ಎಂಬ ಜರ್ಮನ್ ಚಿತ್ರಕಾರನು ಬರೆದ ಭಾವಚಿತ್ರಗಳಲ್ಲಿ ಅಂಗಿಯ ಕೈಪಟ್ಟಿಗಳ ಮೇಲೆ ಕಾಣುವ ಇದೇ ಬಗೆಯ ಹೊಲಿಗೆಗೆ ಪಾಶ್ಚಾತ್ಯರು ಅವನ ಹೆಸರನ್ನೇ ಇಟ್ಟುಕೊಂಡಿದ್ದಾರೆ. ನಮ್ಮಲ್ಲಿ ಹೊಲಿದವರ ಹೆಸರೂ ಉಳಿಯಲಿಲ್ಲ, ಬರೆದವರ ಹೆಸರೂ ಇಲ್ಲ.

ಕಸೂತಿಯ ತೇರನ್ನು ಸ್ವೆಟರಿಗೆ ಇಳಿಸುವಲ್ಲಿ ಒಂದು ತೊಡಕುಂಟು. ಬಟ್ಟೆಯ ಎಳೆಗಳು ಉದ್ದಕ್ಕೂ ಅಡ್ಡಕ್ಕೂ ಹೆಚ್ಚುಕಡಿಮೆ ಸಮ; ಹೆಣಿಗೆಯ ಕುಣಿಕೆಯಾದರೋ ಎತ್ತರಕ್ಕಿಂತ ಅಗಲವಾದುದು. ಮಧ್ಯಮ ಗಾತ್ರದ ಉಣ್ಣೆಯಲ್ಲಿ 10 ಸೆಂಟಿಮೀಟರ್ ಅಗಲಕ್ಕೆ ಸುಮಾರು 20 ಕುಣಿಕೆಗಳು ಸಾಕಾದರೆ ಅಷ್ಟೇ ಎತ್ತರಕ್ಕೆ 28 ಸಾಲುಗಳು ಬೇಕು. ಚೌಕಳಿ ಕಾಗದದ ಚಿತ್ರವನ್ನು ಇದ್ದದ್ದು ಇದ್ದಂತೆಯೇ ಹೆಣೆದರೆ ತೇರು ಕುಗ್ಗಿ ಚಕ್ಕಡಿಯಾಗುತ್ತದೆ. ಅಜ್ಜಿ ಪ್ರತಿ ಐದು ಸಾಲುಗಳಿಗೆ ಎರಡನ್ನು ಮರಳಿ ಹೆಣೆದು ಏಳು ಮಾಡುತ್ತಾರೆ. ಯಾವ ಎರಡನ್ನು ಎಂಬುದರಲ್ಲಿಯೇ ಅವರ ಜಾಣ್ಮೆ. ಚಕ್ರಗಳ ದುಂಡೂ ಮೇಲಿನ ಅಂತಸ್ತುಗಳ ಅಳತೆಯೂ ಕೆಡದಂತೆ ಅವನ್ನು ಆರಿಸುತ್ತಾರೆ. ಗವಂತಿಯ ತೆಳುಗೆರೆ ಉಣ್ಣೆಗೆ ಒಗ್ಗದೆಂದು ಮೆಂತೆಯ ತುಂಬುಚೌಕದ ತೇರನ್ನೇ ಆರಿಸಿಕೊಂಡದ್ದೂ ಅವರ ವಿವೇಕವೇ. ಅಮೆರಿಕದ ಬಾರ್ಬರಾ ವಾಕರ್ 1972ರಲ್ಲಿ ಹೆಣಿಗೆಯ ವಿನ್ಯಾಸಗಳನ್ನು ಮಾತಿನಲ್ಲಿ ಬರೆಯುವ ಬದಲು ಚೌಕಗಳಲ್ಲಿ ಸಂಕೇತಗಳಿಂದ ತೋರಿಸುವ ದೊಡ್ಡ ಸಂಕಲನವನ್ನು ಹೊರತಂದರು. ಆ ಗ್ರಂಥದ ಹೆಸರನ್ನೂ ಕೇಳದ ಅಜ್ಜಿಯ ನೋಟುಬುಕ್ಕಿನಲ್ಲಿ ‘ಸೀ’, ‘ಉ’ ಎಂಬ ಅಕ್ಷರಗಳೂ ಕನ್ನಡದ ಅಂಕಿಗಳೂ ಅದೇ ಕೆಲಸವನ್ನು ಮಾಡುತ್ತಿವೆ.

ಕಸೂತಿಗೆ ಈಗ ಭೌಗೋಳಿಕ ಸೂಚಕದ ಮನ್ನಣೆ ದೊರೆತಿದೆ, ಸರ್ಕಾರದ ಕಾವೇರಿ ಮಳಿಗೆಗಳಲ್ಲಿ ಅದು ಮಾರಾಟಕ್ಕೂ ಇದೆ. ಕೈಹೆಣಿಗೆಯ ಸ್ವೆಟರಿಗೆ ಅಂಥ ಆಶ್ರಯದಾತರಿಲ್ಲ. ಚಳಿಗಾಲ ಬಂತೆಂದರೆ ಮುಂಡಗೋಡು, ಬೈಲಕುಪ್ಪೆಗಳ ಟಿಬೆಟನ್ನರು ಊರೂರಿಗೆ ತಂದು ಹರಡುವ ಲುಧಿಯಾನದ ಯಂತ್ರದ ಸ್ವೆಟರು, ಕೈಹೆಣಿಗೆಗೆ ತಗಲುವ ಉಣ್ಣೆಯ ಬೆಲೆಯಲ್ಲೇ ಸಿದ್ಧವಾಗಿ ಸಿಕ್ಕುವಾಗ, ತಿಂಗಳುಗಟ್ಟಲೆ ಕವಡೆ ದಾಟಿಸುತ್ತ ಕುಳಿತುಕೊಳ್ಳುವ ವ್ಯವಧಾನ ಯಾರಿಗಿದ್ದೀತು? ಮೊಮ್ಮಕ್ಕಳು ಸ್ವೆಟರನ್ನು ಸಂತೋಷದಿಂದಲೇ ತೊಡುತ್ತಾರೆ. ಆದರೆ ಅವರು ಕಲಿಯುವುದು ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ. ಅಜ್ಜಿಯ ನೋಟುಬುಕ್ಕಿನ ಅಕ್ಷರವಿರಲಿ, ಅಂಕಿಗಳೂ ಅವರಿಗೆ ತಿಳಿಯವು. ಈ ಸೀಮೆಯವರೇ ಆದ ಸೊಸೆ ಮಧ್ಯಾಹ್ನದ ಬಿಡುವಿನಲ್ಲಿ ಅತ್ತೆಯಿಂದ ಓದಿಸಿಕೊಂಡು ಅದನ್ನು ದೇವನಾಗರಿಯಲ್ಲಿ ಪ್ರತಿಮಾಡುತ್ತಿದ್ದಾರೆ. ಗೋಪುರ ಮುಗಿದು ತೇರಿನ ಪುಟಗಳಿಗೆ ಬಂದಿದ್ದಾರೆ. ಮುಂದಿನ ಪುಟಗಳಲ್ಲಿ ಪೆನ್ಸಿಲಿನ ಬರಹ ಎಷ್ಟು ಮಾಸಿದೆಯೆಂದರೆ, ಕೆಲವು ಸಾಲುಗಳನ್ನು ಈಗ ಅಜ್ಜಿಯೇ ಓದಲಾರರು.