ಪದವಿ ಬೇರೆ, ಸನದು ಬೇರೆ

1924ರ ಡಿಸೆಂಬರಿನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದಾಗ ಗಾಂಧೀಜಿ ಬ್ಯಾರಿಸ್ಟರರಾಗಿ ಉಳಿದಿರಲಿಲ್ಲ. 1891ರಲ್ಲಿ ಅವರನ್ನು ಬ್ಯಾರಿಸ್ಟರ್ ಎಂದು ಒಪ್ಪಿಕೊಂಡಿದ್ದ ಲಂಡನ್ನಿನ ಇನ್ನರ್ ಟೆಂಪಲ್ ಸಂಸ್ಥೆ, ರಾಜದ್ರೋಹದ ಆರೋಪದಲ್ಲಿ ಅವರಿಗೆ ಶಿಕ್ಷೆಯಾದ ಮೇಲೆ 1922ರಲ್ಲಿ ಅವರ ಹೆಸರನ್ನು ತೆಗೆದುಹಾಕಿತ್ತು. ಮತ್ತೆ ಸೇರಿಸಿದ್ದು 1988ರಲ್ಲಿ. ಕಲಿತ ಕಾನೂನನ್ನು ಯಾರೂ ಕಸಿಯಲಾರರು. ಸನದನ್ನು ಕೊಟ್ಟವರು ಕಸಿಯಬಲ್ಲರು. ಪದವಿಯಿಂದ ಸನದಿಗೆ ಹೋಗುವ ಹಾದಿಯನ್ನು ಒಂದೊಂದು ದೇಶ ಒಂದೊಂದು ಬಗೆಯಲ್ಲಿ ಹಾಕಿಕೊಂಡಿದೆ.

ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರ್, ಸಾಲಿಸಿಟರ್ ಎಂಬ ಎರಡು ಕವಲುಗಳು ಇಂದಿಗೂ ಇವೆ. ಗಾಂಧೀಜಿಯವರ ಕಾಲದಲ್ಲಿ ಸಂಸ್ಥೆಯ ಭೋಜನಶಾಲೆಯಲ್ಲಿ ಇಂತಿಷ್ಟು ಊಟ ಮಾಡುವುದೂ ಬ್ಯಾರಿಸ್ಟರಿಕೆಯ ಅರ್ಹತೆಯಾಗಿತ್ತು. ಈಗ ಸ್ವತಂತ್ರವಾಗಿ ವಕೀಲಿ ಮಾಡುವ ಮುನ್ನ ಒಂದು ವರ್ಷ ಹಿರಿಯರ ಕೈಕೆಳಗೆ ಪಳಗಬೇಕು. ಅಮೆರಿಕದಲ್ಲಿ ಬೇರೊಂದು ಪದವಿ ಪಡೆದು, ಮೂರು ವರ್ಷ ಕಾನೂನು ಓದಿ, ರಾಜ್ಯದ ಬಾರ್ ಪರೀಕ್ಷೆ ಬರೆಯುವುದು ವಾಡಿಕೆ. ಕ್ಯಾಲಿಫೋರ್ನಿಯ, ವರ್ಜೀನಿಯದಂಥ ಕೆಲವೇ ರಾಜ್ಯಗಳಲ್ಲಿ ಕಾನೂನು ಕಾಲೇಜಿನ ಮೆಟ್ಟಿಲು ಹತ್ತದೆ, ವಕೀಲರ ಬಳಿ ಕಲಿತೂ ಪರೀಕ್ಷೆಗೆ ಕೂರಬಹುದು. ಜರ್ಮನಿಯಲ್ಲಿ ಎರಡು ಸರ್ಕಾರಿ ಪರೀಕ್ಷೆಗಳು. ಅವುಗಳ ನಡುವೆ ಎರಡು ವರ್ಷ ನ್ಯಾಯಾಲಯ, ಅಭಿಯೋಜಕರ ಕಚೇರಿ, ವಕೀಲರ ಕಚೇರಿಗಳಲ್ಲಿ ತರಬೇತಿ. ಆ ಅವಧಿಗೆ ಸರ್ಕಾರವೇ ಭತ್ಯೆ ಕೊಡುತ್ತದೆ.

ನಮ್ಮಲ್ಲಿ ಹೇಗೆ? ಬೆಳಗಾವಿಯವರು ಒಮ್ಮೆ ಕಾನೂನು ಓದಲು ಮುಂಬಯಿ, ಪುಣೆಗಳಿಗೆ ಹೋಗಬೇಕಿತ್ತು. 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಕಾಲೇಜು ತೆರೆದ ಮೇಲೆ ಆ ಅಲೆದಾಟ ತಪ್ಪಿತು. ವಂಟಮುರಿಯ ರಾಜಾ ಲಖಮಗೌಡರ ಹೆಸರು ಹೊತ್ತ ಈ ಕಾಲೇಜಿನಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು.

ಬ್ರಿಟಿಷರ ಕಾಲದ ವಕೀಲ, ಪ್ಲೀಡರ್, ಮುಖ್ತಾರ ಎಂಬ ಶ್ರೇಣಿಗಳನ್ನು 1961ರ ಅಡ್ವೊಕೇಟ್ಸ್ ಕಾಯ್ದೆ ಅಳಿಸಿ, ಎಲ್ಲರನ್ನೂ ಅಡ್ವೊಕೇಟರನ್ನಾಗಿ ಮಾಡಿತು. ಆ ಕಾಯ್ದೆಯಲ್ಲಿ ಸನದಿಗೆ ಮುನ್ನ ತರಬೇತಿಯೂ ಇತ್ತು. 1973ರ ತಿದ್ದುಪಡಿ ಅದನ್ನು ಕೈಬಿಟ್ಟಿತು. ಬಾರ್ ಕೌನ್ಸಿಲ್ 1995ರಲ್ಲಿ ಒಂದು ವರ್ಷದ ತರಬೇತಿಯನ್ನು ಮತ್ತೆ ತಂದಿತು. ಕಾಯ್ದೆಯಲ್ಲಿ ಅದಕ್ಕೆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 1999ರಲ್ಲಿ ಆ ನಿಯಮಗಳನ್ನು ರದ್ದುಮಾಡಿತು. 2010ರಿಂದ ಬಂದ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ ಪುಸ್ತಕ ನೋಡಿ ಬರೆದವರೂ ಉಂಟು. ಅಲ್ಲಿ ಕೋರ್ಟಿನ ಅನುಭವಕ್ಕೆ ಅಂಕವಿಲ್ಲ.

ಹೀಗಾಗಿ ದಾವೆ ಬರೆಯುವುದು, ಸಾಕ್ಷಿಯನ್ನು ಪಾಟೀಸವಾಲು ಮಾಡುವುದು ಇವೆಲ್ಲ ಸನದು ಬಂದ ಮೇಲೆ ಹಿರಿಯ ವಕೀಲರ ಕಚೇರಿಯಲ್ಲೇ ಕಲಿಯಬೇಕಾದ ಪಾಠಗಳು. ಮನೆಯಲ್ಲೇ ವಕೀಲರಿದ್ದವರಿಗೆ ಇದು ಸಲೀಸು. ವಡಗಾವಿಯ ಮಗ್ಗದ ಮನೆಯಿಂದ ಬಂದವರಿಗೆ ಸಂಪಾದನೆಯಿಲ್ಲದ ಆ ವರ್ಷಗಳೇ ನಿಜವಾದ ಪರೀಕ್ಷೆ. ನೋಂದಣಿಗೆ ಕಾಯ್ದೆ ಹೇಳಿದ 750 ರೂ.ಗಿಂತ (ಪರಿಶಿಷ್ಟರಿಗೆ 125 ರೂ.) ಹೆಚ್ಚು ಪಡೆಯಬಾರದೆಂದು ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದ್ದರಿಂದ ಬಾಗಿಲ ಸುಂಕವೇನೋ ಇಳಿದಿದೆ. ಅದೇ ವರ್ಷ ಬಾರ್ ಕೌನ್ಸಿಲ್ ಕಿರಿಯರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂ. ಭತ್ಯೆ ಕೊಡಬೇಕೆಂದು ಶಿಫಾರಸು ಮಾಡಿತು. ಆದರೆ ಅದು ಕಡ್ಡಾಯವಲ್ಲ. ಕೊಡುವುದು ಬಿಡುವುದು ಹಿರಿಯರ ಮನಸ್ಸಿಗೆ ಬಿಟ್ಟದ್ದು.