ಭ್ರಮೆ ಇಳಿದ ಮೇಲೆ ಕವಿಯುವ ಖಿನ್ನತೆ

ಸ್ಕಿಜೋಫ್ರೀನಿಯಾದ ಗದ್ದಲದ ದಿನಗಳು ಮುಗಿದಾಗ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕಿವಿಯಲ್ಲಿ ಕೇಳುತ್ತಿದ್ದ ಧ್ವನಿಗಳು ನಿಂತಿವೆ, ಊಟಕ್ಕೆ ಯಾರೋ ವಿಷ ಹಾಕುತ್ತಾರೆಂಬ ಸಂಶಯ ಹೋಗಿದೆ, ರಾತ್ರಿ ನಿದ್ದೆ ಬರುತ್ತಿದೆ. 'ಈಗ ಪರವಾಗಿಲ್ಲ ಡಾಕ್ಟ್ರೇ, ಕೂಗಾಟ ಇಲ್ಲ, ಒಂದು ಕಡೆ ಸುಮ್ಮನೆ ಕೂತಿರ್ತಾನೆ' ಎನ್ನುತ್ತಾರೆ. ಆ ಸುಮ್ಮನೆ ಕೂತಿರುವುದನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು ಎನ್ನುವುದಕ್ಕಾಗಿ ಈ ಲೇಖನ.

ಭ್ರಮೆ, ಸಂಶಯಗಳ ಈ ಹಂತ, ಅಂದರೆ ಸೈಕೋಸಿಸ್, ಇಳಿದ ಮೇಲೆ ಖಿನ್ನತೆ ಬರುವುದು ಅಪರೂಪವಲ್ಲ. ಅಮೆರಿಕದ ಮನೋವೈದ್ಯರಾದ ಮೆಕ್‌ಗ್ಲಾಶನ್ ಮತ್ತು ಕಾರ್ಪೆಂಟರ್ 1976ರಲ್ಲೇ ಇದರ ಬಗ್ಗೆ ವಿವರವಾಗಿ ಬರೆದರು. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ 10ನೇ ಆವೃತ್ತಿ ಇದಕ್ಕೆ ಎಫ್ 20.4 ಎಂಬ ಪ್ರತ್ಯೇಕ ಸಂಕೇತವನ್ನೇ ಕೊಟ್ಟಿತ್ತು. 11ನೇ ಆವೃತ್ತಿಯಲ್ಲಿ ಆ ಉಪವಿಭಾಗ ಉಳಿದಿಲ್ಲ. ಈಗ ಸ್ಕಿಜೋಫ್ರೀನಿಯಾದ ಜೊತೆ ಖಿನ್ನತೆಯ ಲಕ್ಷಣ ಎಷ್ಟಿದೆ ಎಂಬುದನ್ನು ವೈದ್ಯರು ಬೇರೆಯಾಗಿ ಗುರುತಿಸುತ್ತಾರೆ.

ಇದೇಕೆ ಬರುತ್ತದೆ? ಮಾತ್ರೆಗಳೇ ಕಾರಣ ಎಂದು ಕೆಲವರು ವಾದಿಸಿದರು. ಖಿನ್ನತೆ ಮೊದಲಿನಿಂದಲೂ ಒಳಗಿರುತ್ತದೆ, ಭ್ರಮೆಯ ಅಬ್ಬರ ತಗ್ಗಿದಾಗ ಕಣ್ಣಿಗೆ ಬೀಳುತ್ತದೆ ಎಂದು ಇನ್ನು ಕೆಲವರು ಹೇಳಿದರು. ಎರಡರಲ್ಲೂ ಸತ್ಯಾಂಶವಿದೆ. ಆದರೆ ನನಗೆ ಹೆಚ್ಚು ಮುಖ್ಯವೆನಿಸುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮ್ಯಾಕ್ಸ್ ಬರ್ಚ್‌ವುಡ್ ಮತ್ತು ಸಂಗಡಿಗರು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನ. ಸೈಕೋಸಿಸ್‌ಗೆ ತುತ್ತಾದ 105 ಜನರನ್ನು ಅವರು ಒಂದು ವರ್ಷ ಹಿಂಬಾಲಿಸಿದರು. ಶೇಕಡಾ 36 ಮಂದಿಗೆ ಆಮೇಲೆ ಖಿನ್ನತೆ ಬಂತು. ಹಾಗೆ ಬಂದಾಗ ಅವರ ಭ್ರಮೆಗಳೇನೂ ಹೆಚ್ಚಾಗಿರಲಿಲ್ಲ.

ಖಿನ್ನರಾದವರು ತಮ್ಮ ಕಾಯಿಲೆಯನ್ನು ಹೇಗೆ ಅರ್ಥ ಮಾಡಿಕೊಂಡಿದ್ದರು ಎಂಬುದರಲ್ಲಿ ಉತ್ತರವಿತ್ತು. ಬದುಕಿನಲ್ಲಿ ಇದ್ದದ್ದು ಕೈಬಿಟ್ಟುಹೋಯಿತು, ನಾಲ್ಕು ಜನರೆದುರು ಮಾನ ಹೋಯಿತು, ಇನ್ನು ಇದರಿಂದ ಬಿಡುಗಡೆಯಿಲ್ಲ ಎಂಬ ಭಾವನೆ ಅವರಲ್ಲಿ ಉಳಿದವರಿಗಿಂತ ಬಲವಾಗಿತ್ತು. ತಮಗೆ ಕಾಯಿಲೆ ಬಂದಿದೆ ಎಂಬ ಅರಿವೂ ಅವರಿಗೆ ಹೆಚ್ಚಾಗಿತ್ತು. ಅರಿವು ಮೂಡಲಿ ಎಂದೇ ವೈದ್ಯರೂ ಮನೆಯವರೂ ಹಂಬಲಿಸುತ್ತಾರೆ. ಅದು ಮೂಡಿದ ದಿನವೇ ಆ ವ್ಯಕ್ತಿ ತಾನು ಬೀದಿಯಲ್ಲಿ ಏನು ಮಾಡಿದೆ, ತಂಗಿಗೆ ಏನೆಂದೆ, ಯಾವ ಕೆಲಸ ಬಿಟ್ಟುಬಂದೆ ಎಂಬ ಲೆಕ್ಕವನ್ನೆಲ್ಲ ಒಬ್ಬನೇ ಎದುರಿಸಬೇಕಾಗುತ್ತದೆ. ಅದಕ್ಕೆ ನಾವು ಯಾರೂ ಅವನನ್ನು ಸಿದ್ಧಪಡಿಸಿರುವುದಿಲ್ಲ.

ನಮ್ಮಲ್ಲಿ ಈ ನಷ್ಟ ಬರೀ ಮನಸ್ಸಿನ ಅನಿಸಿಕೆಯಲ್ಲ. ಓದು ನಿಂತಿರುತ್ತದೆ, ಸಂಬಂಧ ತಪ್ಪಿಹೋಗಿರುತ್ತದೆ. ಚೆನ್ನೈನ ಸ್ಕಿಜೋಫ್ರೀನಿಯಾ ಸಂಶೋಧನಾ ಸಂಸ್ಥೆ ಸ್ಕಾರ್ಫ್‌ನ ಆರ್. ತಾರಾ ಮತ್ತು ಸಂಗಡಿಗರು ಈ ಕಾಯಿಲೆಯಿದ್ದು ಮದುವೆ ಮುರಿದ ಹೆಣ್ಣುಮಕ್ಕಳ ಸ್ಥಿತಿಯನ್ನು 2003ರಲ್ಲಿ ದಾಖಲಿಸಿದರು. ತವರಿಗೆ ಮರಳಿದ ಅಂಥ ಹೆಣ್ಣುಮಗಳು ಮೂಲೆಯಲ್ಲಿ ಕೂತು ಅತ್ತರೆ ಅದನ್ನು ಹಟವೆಂದೋ ಸೋಮಾರಿತನವೆಂದೋ ಕರೆಯುವುದು ಕ್ರೌರ್ಯ.

ಗುರುತಿಸುವುದು ಮಾತ್ರ ಸುಲಭವಲ್ಲ. ಸ್ಕಿಜೋಫ್ರೀನಿಯಾದಲ್ಲೇ ಉತ್ಸಾಹ, ಮಾತು, ಮುಖಭಾವ ಬತ್ತಿಹೋಗುವುದುಂಟು. ಆಗ ದುಃಖ ಅಷ್ಟಾಗಿ ಕಾಣುವುದಿಲ್ಲ, ಒಂದು ಬಗೆಯ ಖಾಲಿತನ ಇರುತ್ತದೆ. ಖಿನ್ನತೆಯಲ್ಲಾದರೆ ದುಃಖ, ತಪ್ಪಿತಸ್ಥ ಭಾವ, ನಿರಾಶೆ ಇರುತ್ತವೆ. ಇನ್ನು ಸೈಕೋಸಿಸ್‌ನ ಔಷಧಿಗಳು ಮಿದುಳಿನ ಡೋಪಮೈನ್ ಗ್ರಾಹಕಗಳನ್ನು ತಡೆಯುವುದರಿಂದ ಕೆಲವರ ನಡೆ ನಿಧಾನವಾಗಿ ಮುಖ ಜಡವಾಗುತ್ತದೆ. ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ ಹತ್ತುತ್ತದೆ. ಕಾಯಿಲೆ ಮರುಕಳಿಸುವ ಮುನ್ನವೂ ಮನುಷ್ಯ ಮಂಕಾಗಬಹುದು. ಇವುಗಳ ನಡುವಿನಿಂದ ಖಿನ್ನತೆಯನ್ನು ಬೇರ್ಪಡಿಸಲೆಂದೇ ಕೆನಡಾದ ಆಡಿಂಗ್‌ಟನ್ ಮತ್ತು ಸಹೋದ್ಯೋಗಿಗಳು 1990ರಲ್ಲಿ ಕ್ಯಾಲ್ಗರಿ ಮಾಪಕ ರೂಪಿಸಿದರು. ಅದರಲ್ಲಿರುವುದು 9 ಅಂಶ ಮಾತ್ರ. ಬೆಳಗಿನ ಹೊತ್ತು ಬೇಸರ ಹೆಚ್ಚೇ, ನಸುಕಿಗೆ ಮೊದಲೇ ಎಚ್ಚರವಾಗುತ್ತದೆಯೇ, ನಾಳೆಯ ಬಗ್ಗೆ ಏನನ್ನಿಸುತ್ತದೆ ಎಂಬಂಥವು.

ಕಾರಣ ತಿಳಿದರೆ ದಾರಿಯೂ ತಿಳಿಯುತ್ತದೆ. ಔಷಧಿಯ ಪರಿಣಾಮವಾಗಿದ್ದರೆ ವೈದ್ಯರು ಪ್ರಮಾಣ ತಗ್ಗಿಸಬಹುದು, ಇಲ್ಲವೇ ಬೇರೆ ಔಷಧಿ ಕೊಡಬಹುದು. ನಾವಾಗಿ ಮಾತ್ರೆ ನಿಲ್ಲಿಸಿದರೆ ಭ್ರಮೆಗಳು ಮರಳುವ ಅಪಾಯವಿದೆ. ಖಿನ್ನತೆಯೇ ಆಗಿದ್ದರೆ ಖಿನ್ನತೆನಿವಾರಕ ಮಾತ್ರೆಗಳಿಂದ ಒಂದಿಷ್ಟು ಪ್ರಯೋಜನವಿದೆ. ಅದರ ಜೊತೆಗೆ, ಆ ನಷ್ಟ ಮತ್ತು ನಾಚಿಕೆಯ ಬಗ್ಗೆ ಕೂತು ಮಾತಾಡುವ ಚಿಕಿತ್ಸೆ ಬೇಕು, ಕೈಗೊಂದು ಕೆಲಸ ಬೇಕು.

ತಡಮಾಡಬಾರದೆಂದು ಹೇಳಲು ಕಾರಣವಿದೆ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಸುಮಾರು ಶೇಕಡಾ 5 ಮಂದಿ ಆತ್ಮಹತ್ಯೆಯಿಂದ ಸಾಯುತ್ತಾರೆಂಬ ಅಂದಾಜಿದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಕೆಲ ತಿಂಗಳು ವಿಶೇಷ ಅಪಾಯದ ಕಾಲ. 980 ರೋಗಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಕ್ಲೋಜಪೀನ್ ಎಂಬ ಸೈಕೋಸಿಸ್ ಔಷಧಿ ಪಡೆದವರಲ್ಲಿ ಆತ್ಮಹತ್ಯೆಯ ಯತ್ನಗಳು ಅಂಥದೇ ಇನ್ನೊಂದು ಔಷಧಿ ಓಲಾಂಜಪೀನ್ ಪಡೆದವರಿಗಿಂತ ಕಡಿಮೆಯಿದ್ದವು. ಬಿಳಿ ರಕ್ತಕಣಗಳು ಕುಸಿಯುವ ಅಪಾಯವಿರುವುದರಿಂದ ಕ್ಲೋಜಪೀನ್‌ಗೆ ನಿಯಮಿತ ರಕ್ತಪರೀಕ್ಷೆ ಬೇಕು.

'ಸಾಯಬೇಕು ಅನ್ನಿಸ್ತದಾ?' ಎಂದು ನೇರವಾಗಿ ಕೇಳಲು ಮನೆಯವರು ಹೆದರುತ್ತಾರೆ. ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಬದಲಿಗೆ ಎಷ್ಟೋ ಜನರಿಗೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನವಿಡೀ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.