ಬರೆದದ್ದು ಎಐ, ರುಜು ನಿಮ್ಮದು

ಬ್ಯಾಂಕಿಗೆ ದೂರಿನ ಪತ್ರ ಬರೆಯಬೇಕು, ಮಗಳ ಶಾಲೆಯ ಪ್ರಾಜೆಕ್ಟ್ ನಾಳೆಯೇ ಕೊಡಬೇಕು, ಅಪ್ಪನ ರಕ್ತ ಪರೀಕ್ಷೆಯ ವರದಿಯಲ್ಲಿ ಯಾವುದೋ ಅಂಕಿ ದಪ್ಪಕ್ಷರದಲ್ಲಿದೆ. ಇಂಥ ಹೊತ್ತಿನಲ್ಲಿ ಮೊಬೈಲ್ ತೆರೆದು ಎಐಯನ್ನು ಕೇಳುವುದು ಅನೇಕ ಮನೆಗಳಲ್ಲಿ ರೂಢಿಯಾಗಿದೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಜನರ ಕೈಗೆ ಬಂತು. ಆಮೇಲೆ ಜೆಮಿನಿ, ಕ್ಲಾಡ್, ಕೋಪೈಲಟ್ ಬಂದವು, ವಾಟ್ಸ್‌ಆ್ಯಪ್ ಒಳಗೇ ಮೆಟಾ ಎಐ ಸೇರಿಕೊಂಡಿತು. ಬಳಸಬೇಕೋ ಬೇಡವೋ ಎಂಬ ಚರ್ಚೆಯ ಕಾಲ ದಾಟಿದೆ. ಬಳಸುವವರು ಮೊದಲು ತಿಳಿದಿರಬೇಕಾದದ್ದು ಇಷ್ಟು: ಎಐ ಕೊಟ್ಟ ಉತ್ತರ ನಿಮ್ಮ ಹೆಸರಿನಲ್ಲಿ ಹೊರಗೆ ಹೋದರೆ ಅದರ ಹೊಣೆಯೂ ನಿಮ್ಮದೇ.

ಈ ಮಾತಿಗೆ ತೀರ್ಪಿನ ಬಲವೂ ಇದೆ. ಅಜ್ಜಿ ತೀರಿಕೊಂಡದ್ದಕ್ಕೆ ಊರಿಗೆ ಹೊರಟಿದ್ದ ಪ್ರಯಾಣಿಕರೊಬ್ಬರಿಗೆ ಏರ್ ಕೆನಡಾ ವಿಮಾನ ಸಂಸ್ಥೆಯ ಜಾಲತಾಣದ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಮಾಹಿತಿ ಕೊಟ್ಟಿತ್ತು. ವಿಷಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯ ಮುಂದೆ ಬಂದಾಗ, ಚಾಟ್‌ಬಾಟ್ ಆಡಿದ ಮಾತಿಗೆ ಚಾಟ್‌ಬಾಟೇ ಜವಾಬ್ದಾರ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರುವರಿಯಲ್ಲಿ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಪ್ರಯಾಣಿಕರಿಗೆ ಪರಿಹಾರ ಕೊಡಿಸಿತು.

ಉತ್ತರ ಹುಟ್ಟುವುದು ಹೇಗೆ?

ಚಾಟ್‌ಬಾಟ್‌ನ ಹಿಂದೆ ಇರುವುದು ಅಪಾರ ಬರಹವನ್ನು ಉಣಿಸಿ ತಯಾರಿಸಿದ ಭಾಷಾ ಮಾದರಿ. ಈವರೆಗೆ ಬಂದ ಪದಗಳ ಮುಂದೆ ಯಾವುದು ಬರುವ ಸಂಭವ ಹೆಚ್ಚು ಎಂದು ಲೆಕ್ಕ ಹಾಕಿ, ಅದು ಒಂದೊಂದೇ ತುಣುಕು ಜೋಡಿಸುತ್ತಾ ಹೋಗುತ್ತದೆ. ಹೆಚ್ಚು ಜನ ಹೆಚ್ಚು ಸಲ ಬರೆದಿರುವ ವಿಷಯವಾದರೆ ಈ ಲೆಕ್ಕ ಸಾಮಾನ್ಯವಾಗಿ ಸರಿಯಾದ ಉತ್ತರಕ್ಕೇ ಬಂದು ನಿಲ್ಲುತ್ತದೆ. ಬರಹ ಕಡಿಮೆ ಇರುವ ಕಡೆಯೂ ಜೋಡಣೆ ನಿಲ್ಲುವುದಿಲ್ಲ. ನಡುವಿನ ಖಾಲಿ ಜಾಗಕ್ಕೆ ಒಪ್ಪುವಂಥ ಪದಗಳು ಅಷ್ಟೇ ಧೈರ್ಯದಿಂದ ಬಂದು ಕೂರುತ್ತವೆ.

ನಮ್ಮದೇ ಒಂದು ಉದಾಹರಣೆ ನೋಡಿ. ‘ಸಮಯಪಾಲನೆಯ ಬಗ್ಗೆ ಬಸವಣ್ಣನವರ ಒಂದು ವಚನ ಕೊಡು’ ಎಂದು ಕೇಳಿದಿರಿ ಎನ್ನಿ. ನಾಲ್ಕೈದು ಸಾಲು ಬರಬಹುದು. ನಡುವೆ ಒಂದು ‘ಅಯ್ಯಾ’, ಕೊನೆಗೆ ‘ಕೂಡಲಸಂಗಮದೇವ’ ಎಂಬ ಅಂಕಿತ. ನೋಡಿದರೆ ವಚನದಂತೆಯೇ ಇರುತ್ತದೆ. ಅಂಕಿತ ಎಂಬುದು ನೂರಾರು ವಚನಗಳ ಕೊನೆಯಲ್ಲಿ ಮತ್ತೆ ಮತ್ತೆ ಬರುವ ಗುರುತು, ಭಾಷಾ ಮಾದರಿಗೆ ಅದಕ್ಕಿಂತ ಸುಲಭದ ಪಾಠ ಇನ್ನೊಂದಿಲ್ಲ. ಆದ್ದರಿಂದ ಅಂಕಿತ ಸರಿಯಿದೆ ಎಂಬ ಕಾರಣಕ್ಕೆ ಮೇಲಿನ ಸಾಲುಗಳೂ ಬಸವಣ್ಣನವರದೇ ಎನ್ನುವಂತಿಲ್ಲ. ಅದನ್ನೇ ಬಸವ ಜಯಂತಿಯ ಭಾಷಣಕ್ಕೋ ಸ್ಟೇಟಸ್‌ಗೋ ಹಾಕಿದರೆ, ಹನ್ನೆರಡನೆಯ ಶತಮಾನದ ಶರಣರು ಆಡದ ಮಾತನ್ನು ಅವರ ಹೆಸರಿಗೆ ಕಟ್ಟಿದ ಹಾಗಾಯಿತು. ನಾಳೆ ಅದನ್ನು ಇನ್ನಾರೋ ಎತ್ತಿಕೊಳ್ಳುತ್ತಾರೆ, ಮುಂದಿನ ಎಐಗೆ ಅದೂ ಆಹಾರವಾಗುತ್ತದೆ.

ಪತ್ತೆ ಹಚ್ಚುವ ದಾರಿ ಸರಳವಾಗಿದೆ. ಆ ಸಾಲುಗಳಲ್ಲಿರುವ ಒಂದು ಅಪರೂಪದ ಪದವನ್ನು ‘ವಚನ ಸಂಚಯ’ ಜಾಲತಾಣದಲ್ಲಿ ಹಾಕಿ ಹುಡುಕಿ, ಇಲ್ಲವೇ ರಾಜ್ಯ ಸರ್ಕಾರ ಪ್ರಕಟಿಸಿರುವ ಸಮಗ್ರ ವಚನ ಸಂಪುಟಗಳನ್ನು ನೋಡಿ. ಸಿಗದಿದ್ದರೆ ಬಿಟ್ಟುಬಿಡಿ. ‘ಇದು ನಿಜವಾದ ವಚನವಾ?’ ಎಂದು ಎಐಯನ್ನೇ ಕೇಳಿದರೆ ಸಾಲದು. ಹೌದು ಎಂದು ಒತ್ತಿ ಹೇಳಿದರೂ ಹೇಳೀತು, ಕ್ಷಮೆ ಕೇಳಿ ಅಂಥದ್ದೇ ಇನ್ನೊಂದನ್ನು ಹೊಸೆದು ಕೊಟ್ಟರೂ ಕೊಟ್ಟೀತು.

ಎಷ್ಟು ಪರಿಶೀಲಿಸಬೇಕು?

ಪ್ರತಿಯೊಂದನ್ನೂ ಜಾಲಾಡುತ್ತಾ ಕೂತರೆ ಎಐ ಬಳಸಿದ ಲಾಭವೇ ಇಲ್ಲ. ತಪ್ಪಾದರೆ ಯಾರಿಗೆ ಎಷ್ಟು ನಷ್ಟ ಎಂಬುದರ ಮೇಲೆ ಪರಿಶೀಲನೆಯ ಪ್ರಮಾಣ ನಿರ್ಧಾರವಾಗಬೇಕು. ಉಳಿದ ಇಡ್ಲಿಯಿಂದ ಏನು ಮಾಡಬಹುದು ಎಂಬ ಪ್ರಶ್ನೆಗೆ ಬಂದ ಉತ್ತರ ತಪ್ಪಾದರೆ ಹಾಳಾಗುವುದು ಒಂದು ತಿಂಡಿ. ಔಷಧ, ದುಡ್ಡು, ಕಾನೂನು, ಇನ್ನೊಬ್ಬರ ಮಾನ, ಈ ನಾಲ್ಕರ ವಿಷಯಕ್ಕೆ ಬಂದರೆ ಮೂಲವನ್ನು ನೋಡದೆ ಮುಂದಡಿ ಇಡಬಾರದು.

ನ್ಯೂಯಾರ್ಕ್‌ನ ಇಬ್ಬರು ವಕೀಲರು ಚಾಟ್‌ಜಿಪಿಟಿ ಕೊಟ್ಟ ಹಳೆಯ ತೀರ್ಪುಗಳನ್ನು ಉಲ್ಲೇಖಿಸಿ ಕೋರ್ಟಿಗೆ ವಾದಪತ್ರ ಸಲ್ಲಿಸಿದ್ದರು. ಆ ತೀರ್ಪುಗಳು ಇರಲೇ ಇಲ್ಲ. 2023ರ ಜೂನ್‌ನಲ್ಲಿ ನ್ಯಾಯಾಧೀಶರು 5,000 ಡಾಲರ್ ದಂಡ ವಿಧಿಸಿದರು. ಎಐ ಬಳಸಿದ್ದು ತಪ್ಪಲ್ಲ, ತಂದುಕೊಟ್ಟದ್ದನ್ನು ಪರಿಶೀಲಿಸುವುದು ವಕೀಲರ ಕರ್ತವ್ಯ ಎಂಬುದು ಆ ಆದೇಶದ ತಿರುಳು. ನಮ್ಮಲ್ಲಿ ಕೇರಳ ಹೈಕೋರ್ಟ್ 2025ರ ಜುಲೈನಲ್ಲಿ ಜಿಲ್ಲಾ ನ್ಯಾಯಾಲಯಗಳಿಗೆ ಎಐ ನೀತಿಯನ್ನೇ ಹೊರಡಿಸಿತು. ತೀರ್ಪಿಗೆ, ನಿರ್ಣಯಕ್ಕೆ ಬರಲು ಎಐ ಬಳಸುವಂತಿಲ್ಲ ಎಂಬುದು ಅದರ ಮುಖ್ಯ ಅಂಶ.

ಆರೋಗ್ಯದ ವಿಷಯದಲ್ಲಿ ದಂಡ ತೆರುವುದು ದೇಹ. ಊಟದಲ್ಲಿ ಉಪ್ಪು ಬಿಡಬೇಕೆಂದು ಹೊರಟ ಅಮೆರಿಕದ 60 ವರ್ಷದ ವ್ಯಕ್ತಿಯೊಬ್ಬರು ಚಾಟ್‌ಜಿಪಿಟಿಯನ್ನು ಕೇಳಿ, ಉಪ್ಪಿನ ಬದಲಿಗೆ ಸೋಡಿಯಂ ಬ್ರೋಮೈಡ್ ಬಳಸತೊಡಗಿದರು. ಕೆಲ ತಿಂಗಳಲ್ಲಿ ಬ್ರೋಮೈಡ್ ವಿಷವೇರಿ, ಭ್ರಮೆಗಳಿಗೆ ಸಿಲುಕಿ ಆಸ್ಪತ್ರೆ ಸೇರಿದರು. ಈ ಪ್ರಕರಣದ ವರದಿ 2025ರ ಆಗಸ್ಟ್‌ನಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ‘ಏನು ತಗೊಳ್ಳಲಿ?’ ಎಂದು ಎಐಯನ್ನು ಕೇಳಬೇಡಿ. ‘ಡಾಕ್ಟರ ಹತ್ತಿರ ಏನೇನು ಕೇಳಬೇಕು?’ ಎಂದು ಕೇಳಿ, ಬಂದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದಕ್ಕೆ ಈ ಸಾಧನ ನಿಜಕ್ಕೂ ಒಳ್ಳೆಯದು.

ಕನ್ನಡದಲ್ಲಿ ಕೇಳುವಾಗ ಇನ್ನೊಂದು ಪದರ ಎಚ್ಚರ ಬೇಕು. ಇಂಗ್ಲಿಷಿಗೆ ಹೋಲಿಸಿದರೆ ಅಂತರ್ಜಾಲದಲ್ಲಿ ಕನ್ನಡ ಬರಹ ಬಹಳ ಕಡಿಮೆ, ಹಾಗಾಗಿ ಲೆಕ್ಕ ತಪ್ಪುವ ಸಂಭವ ಹೆಚ್ಚು. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯ ಅವರ ಸಂತಾಪದ ಕನ್ನಡ ಪೋಸ್ಟನ್ನು ಮೆಟಾದ ಸ್ವಯಂಚಾಲಿತ ಅನುವಾದ, ಮುಖ್ಯಮಂತ್ರಿಯೇ ನಿಧನರಾದರು ಎಂಬಂತೆ ಇಂಗ್ಲಿಷಿನಲ್ಲಿ ತೋರಿಸಿತು. ಮುಖ್ಯಮಂತ್ರಿ ಆಕ್ಷೇಪಿಸಿದರು, ಕಂಪನಿ ಕ್ಷಮೆ ಕೇಳಿತು. ಸರ್ಕಾರಿ ಯೋಜನೆಯ ಅರ್ಹತೆ, ಅರ್ಜಿಯ ಕೊನೆಯ ದಿನ, ಪಹಣಿಯಲ್ಲಿನ ತಿದ್ದುಪಡಿಯಂಥ ವಿಷಯಗಳಿಗೆ ಇಲಾಖೆಯ ಜಾಲತಾಣವೇ ಕೊನೆಯ ಮಾತು. ಎಐ ಹೇಳಿದ್ದು ಹೋದ ವರ್ಷದ ನಿಯಮವೂ ಆಗಿರಬಹುದು.

ಏನನ್ನು ಹಾಕಬಾರದು?

ಚಾಟ್‌ಬಾಟ್‌ಗೆ ಟೈಪ್ ಮಾಡಿದ್ದು ನಿಮ್ಮ ಫೋನಿನಲ್ಲೇ ಉಳಿಯುವುದಿಲ್ಲ, ಕಂಪನಿಯ ಸರ್ವರ್‌ಗೆ ಹೋಗುತ್ತದೆ. ಸೆಟ್ಟಿಂಗ್ ಬದಲಿಸದಿದ್ದರೆ ಅನೇಕ ಆ್ಯಪ್‌ಗಳಲ್ಲಿ ಅದು ಮುಂದಿನ ಮಾದರಿಯ ತರಬೇತಿಗೂ ಬಳಕೆಯಾಗಬಹುದು. 2023ರಲ್ಲಿ ಸ್ಯಾಮ್‌ಸಂಗ್ ನೌಕರರು ಕಂಪನಿಯ ಗೋಪ್ಯ ಕೋಡ್ ಅನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬೆಳಕಿಗೆ ಬಂದು, ಸಂಸ್ಥೆ ಇಂಥ ಸಾಧನಗಳ ಬಳಕೆಯನ್ನೇ ನಿಷೇಧಿಸಿತು. 2025ರಲ್ಲಿ ಬಳಕೆದಾರರು ಲಿಂಕ್ ಮೂಲಕ ಹಂಚಿಕೊಂಡಿದ್ದ ಚಾಟ್‌ಜಿಪಿಟಿ ಸಂಭಾಷಣೆಗಳು ಗೂಗಲ್ ಹುಡುಕಾಟದಲ್ಲಿ ಕಾಣಿಸಿಕೊಂಡವು, ಆಮೇಲೆ ಹಂಚಿದ ಮಾತು ಹುಡುಕಾಟದಲ್ಲಿ ಕಾಣುವಂತೆ ಮಾಡುವ ಸೌಲಭ್ಯವನ್ನು ತೆಗೆಯಲಾಯಿತು.

ಲ್ಯಾಬ್ ವರದಿಯ ಫೋಟೊವನ್ನು ಇದ್ದ ಹಾಗೇ ಹಾಕುವವರು ಅದರ ತಲೆಭಾಗವನ್ನು ಒಮ್ಮೆ ಓದಬೇಕು. ಹೆಸರು, ವಯಸ್ಸು, ಮೊಬೈಲ್ ನಂಬರು, ರೋಗಿಯ ನೋಂದಣಿ ಸಂಖ್ಯೆ, ಡಾಕ್ಟರ ಹೆಸರು, ಮೂಲೆಯಲ್ಲೊಂದು ಕ್ಯೂಆರ್ ಕೋಡ್. ಉತ್ತರಕ್ಕೆ ಇವ್ಯಾವುವೂ ಬೇಡ. ‘60 ದಾಟಿದ ಗಂಡಸು, ಸಕ್ಕರೆ ಕಾಯಿಲೆ ಇದೆ, ಕ್ರಿಯೇಟಿನಿನ್ 1.6 ಬಂದಿದೆ. ಇದರ ಅರ್ಥವೇನು?’ ಎಂದು ಟೈಪ್ ಮಾಡಿದರೆ ಸಾಕು. ಫೋಟೊವೇ ಬೇಕೆಂದಾದರೆ ಅಂಕಿಗಳಿರುವ ಭಾಗವನ್ನಷ್ಟೇ ಕ್ರಾಪ್ ಮಾಡಿ. ಆಧಾರ್, ಪ್ಯಾನ್, ಬ್ಯಾಂಕ್ ಸ್ಟೇಟ್‌ಮೆಂಟ್, ಒಟಿಪಿ, ಪಾಸ್‌ವರ್ಡ್‌ಗಳನ್ನಂತೂ ಹಾಕಲೇಬೇಡಿ. ಚಾಟ್‌ಜಿಪಿಟಿಯಲ್ಲಿ ಸೆಟ್ಟಿಂಗ್ಸ್ ತೆರೆದು ಡೇಟಾ ಕಂಟ್ರೋಲ್ಸ್‌ಗೆ ಹೋದರೆ, ನಿಮ್ಮ ಮಾತನ್ನು ತರಬೇತಿಗೆ ಬಳಸದಂತೆ ಮಾಡುವ ಗುಂಡಿ ಇದೆ. ಉಳಿದ ಆ್ಯಪ್‌ಗಳಲ್ಲೂ ಇಂಥದ್ದೇನಿದೆ ಎಂದು ಹುಡುಕಿ ನೋಡಿ.

ನಿಮ್ಮ ಗುಟ್ಟನ್ನು ಹೇಳಿಕೊಳ್ಳುವುದು ನಿಮಗೆ ಬಿಟ್ಟದ್ದು. ನಾದಿನಿಯ ವಿಚ್ಛೇದನ, ಸಹೋದ್ಯೋಗಿಯ ಕಾಯಿಲೆ, ಗೆಳೆಯನ ಸಾಲ ಇವನ್ನು ಅವರ ಹೆಸರು ಸಮೇತ ಹಾಕಲು ಅವರ ಒಪ್ಪಿಗೆ ಬೇಕು. ‘ನನ್ನ ಹತ್ತಿರದವರೊಬ್ಬರು’ ಎಂದರೂ ಸಲಹೆ ಅದೇ ಬರುತ್ತದೆ. ಕ್ಲಿನಿಕ್, ಟ್ಯೂಷನ್, ಚೀಟಿ ವ್ಯವಹಾರ ನಡೆಸುವವರು ಇನ್ನೂ ಹುಷಾರಾಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಮನೆಮಟ್ಟಿನ ಬಳಕೆಗೆ ವಿನಾಯಿತಿ ಕೊಟ್ಟಿದೆ, ವ್ಯವಹಾರಕ್ಕೆ ಕೊಟ್ಟಿಲ್ಲ.

ಮಕ್ಕಳ ಪಾಠಕ್ಕೆ ಎಷ್ಟು?

‘ಈ ಲೆಕ್ಕ ಬಿಡಿಸು’ ಎಂದರೆ ಎಐ ಬಿಡಿಸಿ ಕೊಡುತ್ತದೆ, ಮಗು ನಕಲು ಮಾಡುತ್ತದೆ, ಪರೀಕ್ಷೆಯಲ್ಲಿ ಪೆನ್ನು ಓಡುವುದಿಲ್ಲ. ಪ್ರಶ್ನೆಯನ್ನು ಬೇರೆ ಥರ ಕೇಳಲು ಕಲಿಸಿ: ‘ನಾನು ಎಂಟನೇ ಕ್ಲಾಸು. ಉತ್ತರ ಹೇಳಬೇಡ. ನಾನು ಬರೆದಿರುವ ಹಂತಗಳಲ್ಲಿ ಮೊದಲನೇ ತಪ್ಪು ಎಲ್ಲಿದೆ ಅಂತ ಮಾತ್ರ ತೋರಿಸು.’ ಆಗ ಬುದ್ಧಿಗೆ ಕೆಲಸ ಉಳಿಯುತ್ತದೆ. ಚಾಟ್‌ಜಿಪಿಟಿಯ ನಿಯಮದ ಪ್ರಕಾರ 13 ವರ್ಷದೊಳಗಿನ ಮಕ್ಕಳು ಅದನ್ನು ಬಳಸುವಂತಿಲ್ಲ, 18ರೊಳಗಿನವರಿಗೆ ಪೋಷಕರ ಒಪ್ಪಿಗೆ ಬೇಕು.

ಶಿಕ್ಷಕರಿಗೂ ಒಂದು ಮಾತು. ಬರಹ ಎಐಯದೋ ಮಗುವಿನದೋ ಎಂದು ಹೇಳುವ ಪತ್ತೆ ಸಾಧನಗಳನ್ನು ನಂಬಿ ಅಂಕ ಕಳೆಯಬೇಡಿ. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನ ನಿಖರವಾಗಿಲ್ಲವೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅನುಮಾನ ಬಂದರೆ ಮಗುವನ್ನು ಕೂರಿಸಿಕೊಂಡು ಬರೆದದ್ದರ ಬಗ್ಗೆ ಐದು ನಿಮಿಷ ಮಾತಾಡಿಸಿದರೆ ನಿಜ ಗೊತ್ತಾಗುತ್ತದೆ.

ಎಐ ಬಳಸಿದ್ದನ್ನು ಯಾವಾಗ ಹೇಳಬೇಕು? ಕಾಗುಣಿತ ತಿದ್ದಿಸಿದ್ದಕ್ಕೆ, ವಾಕ್ಯ ಚಿಕ್ಕದು ಮಾಡಿಸಿದ್ದಕ್ಕೆ ಹೇಳಬೇಕಾಗಿಲ್ಲ. ಓದುವವರು ಇದು ನಿಮ್ಮದೇ ಆಲೋಚನೆ, ನಿಮ್ಮದೇ ಬರವಣಿಗೆ ಎಂದು ನಂಬಿ ಓದುವ ಕಡೆ, ಅಂದರೆ ಸ್ಪರ್ಧೆಯ ಕಥೆ, ಪತ್ರಿಕೆಯ ಲೇಖನ, ಕಾಲೇಜಿನ ಪ್ರಬಂಧದಲ್ಲಿ, ಎಐ ಎಷ್ಟು ಮಾಡಿತು ಎಂದು ಒಂದು ಸಾಲಿನಲ್ಲಿ ಹೇಳುವುದು ಮರ್ಯಾದೆ.

ಇನ್ನೊಬ್ಬರ ಮುಖ, ಇನ್ನೊಬ್ಬರ ದನಿ

ಕೊಡಗಿನ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಮಹಿಳೆಯ ವಿಡಿಯೊಗೆ ಅಂಟಿಸಿದ್ದು 2023ರ ನವೆಂಬರ್‌ನಲ್ಲಿ ಎಲ್ಲೆಡೆ ಹರಿದಾಡಿತು. 2024ರ ಜನವರಿಯಲ್ಲಿ ದೆಹಲಿ ಪೊಲೀಸರು ಆರೋಪಿಯನ್ನು ಬಂಧಿಸಿದರು. ಮುಖ ಬದಲಿಸುವ ಆ್ಯಪ್ ಈಗ ಪುಕ್ಕಟೆ ಸಿಗುತ್ತದೆ. ಕ್ಲಾಸಿನ ಹುಡುಗಿಯ ಫೋಟೊ ಹಾಕಿ ‘ತಮಾಷೆಗೆ’ ಮಾಡಿದರೂ ಅದು ಅಪರಾಧವಾಗಬಹುದು ಎಂಬುದನ್ನು ಮನೆಯಲ್ಲಿ ಗಂಡುಮಕ್ಕಳಿಗೆ ಬಿಡಿಸಿ ಹೇಳಬೇಕು. ಅಂಥದ್ದನ್ನು ಫಾರ್ವರ್ಡ್ ಮಾಡುವವರೂ ಪಾಲುದಾರರೇ.

ದನಿಯ ನಕಲಿಗೆ ಕೆಲವೇ ಸೆಕೆಂಡಿನ ರೆಕಾರ್ಡಿಂಗ್ ಸಾಕಾಗುವ ಸಾಧನಗಳಿವೆ. ‘ಅಮ್ಮಾ, ಆಕ್ಸಿಡೆಂಟ್ ಆಗಿದೆ, ಈ ನಂಬರಿಗೆ ಬೇಗ ದುಡ್ಡು ಹಾಕು’ ಎಂದು ಮಗನದೇ ದನಿಯಲ್ಲಿ ಕರೆ ಬಂದರೂ ಕರೆ ಕಟ್ ಮಾಡಿ, ನಿಮ್ಮ ಬಳಿ ಇರುವ ಅವನ ನಂಬರಿಗೆ ನೀವೇ ಫೋನ್ ಮಾಡಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತು ಮಾಡಿಕೊಂಡರೆ ಇನ್ನೂ ಒಳ್ಳೆಯದು. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.

ಕಳಿಸುವ ಮುನ್ನ

ಎಐ ಬರೆದುಕೊಟ್ಟ ಪತ್ರವನ್ನು ಕಳಿಸುವ ಮುಂಚೆ ಒಮ್ಮೆ ಗಟ್ಟಿಯಾಗಿ ಓದಿ. ಪ್ರತಿ ಸಾಲಿಗೂ, ಎದುರಿಗೆ ಕೂತ ಬ್ಯಾಂಕ್ ಮ್ಯಾನೇಜರೋ ಮೇಷ್ಟ್ರೋ ‘ಇದು ಹೇಗೆ ಗೊತ್ತು?’ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದು ಯೋಚಿಸಿ. ದಾಖಲೆ ತೋರಿಸಬಲ್ಲಿರಾದರೆ ಇರಲಿ. ‘ಎಐ ಹೇಳಿತು’ ಎಂಬುದಷ್ಟೇ ಉತ್ತರವಾದರೆ ಆ ಸಾಲನ್ನು ಹೊಡೆದುಹಾಕಿ. ಪತ್ರ ಅರ್ಧದಷ್ಟಾದರೂ ಪರವಾಗಿಲ್ಲ, ಉಳಿದದ್ದಕ್ಕೆ ಧೈರ್ಯವಾಗಿ ರುಜು ಹಾಕಬಹುದು.